ಕೀಲುನೋವಿನ ಮದ್ದುಗಳ ಕಥೆ

ಕನ್ನಡದಲ್ಲಿ ಬಾಗಿಲಿಗೂ ಕೀಲುಂಟು, ಬಂಡಿಗೂ ಕೀಲುಂಟು, ಮನುಷ್ಯನ ಮೊಣಕಾಲಿಗೂ ಕೀಲುಂಟು. ಮೂರಕ್ಕೂ ಒಂದೇ ಮಾತನ್ನಿಟ್ಟ ನಮ್ಮ ಹಿರಿಯರು ಚಿಕಿತ್ಸೆಯನ್ನೂ ಒಂದೇ ಬಗೆಯಾಗಿ ಯೋಚಿಸಿದ್ದರೆಂದು ತೋರುತ್ತದೆ: ಕಿರುಗುಟ್ಟಿದರೆ ಎಣ್ಣೆ ಬಿಡು. ನಾನು ಹುಡುಗನಾಗಿದ್ದಾಗ ನಮ್ಮ ಹಳ್ಳಿಯ ಮನೆಯಲ್ಲಿ ಒಂದೇ ಮಣ್ಣಿನ ಕುಡಿಕೆಯ ಹರಳೆಣ್ಣೆ ಬಂಡಿಯ ಗಾಲಿಗೂ ಹೋಗುತ್ತಿತ್ತು, ಅಜ್ಜಿಯ ಮಂಡಿಗೂ ಹೋಗುತ್ತಿತ್ತು. ಗಾಲಿ ಸುಮ್ಮನಾಗುತ್ತಿತ್ತು. ಅಜ್ಜಿ ಸುಮ್ಮನಾಗುತ್ತಿರಲಿಲ್ಲ, ಬೆಚ್ಚಗೆ ತಿಕ್ಕಿದಷ್ಟು ಹೊತ್ತು ಹಾಯೆನಿಸಿ, ಬೆಳಗಿನ ಜಾವ ಮತ್ತೆ ನರಳುತ್ತಿದ್ದರು. ಆದರೆ ಆ ಎಣ್ಣೆಯಿಂದ ಅವರಿಗೆ ಕೆಡುಕೇನೂ ಆಗಲಿಲ್ಲವೆಂಬುದನ್ನು ಇಂದು ನೆನೆದುಕೊಳ್ಳುತ್ತೇನೆ. ನೋವನ್ನು ನಿಜವಾಗಿ ಅಡಗಿಸಬಲ್ಲ ಮದ್ದುಗಳು ಕೈಗೆ ಬಂದ ಮೇಲೆ ಆ ಮಾತನ್ನು ಅಷ್ಟು ಸುಲಭವಾಗಿ ಹೇಳುವಂತಿಲ್ಲ. ಅವುಗಳಿಗೆ ಅಂಗಡಿಯಲ್ಲಿ ತೆರುವ ಹಣವಲ್ಲದೆ ಇನ್ನೊಂದು ಬೆಲೆಯೂ ಉಂಟು. ಅದು ತಡವಾಗಿ, ಬೇರೆ ಬಾಗಿಲಿನಿಂದ ವಸೂಲಿಯಾಗುತ್ತದೆ. ಮಂಡಿಗೆ ಕೊಟ್ಟದ್ದನ್ನು ಹೊಟ್ಟೆಯಲ್ಲಿ, ಮೂಳೆಯಲ್ಲಿ, ಹೃದಯದಲ್ಲಿ, ಒಮ್ಮೆ ಆಕಾಶದಲ್ಲಿ ಹಾರುವ ಹಕ್ಕಿಯಲ್ಲಿಯೂ ವಸೂಲು ಮಾಡಿಕೊಂಡದ್ದುಂಟು. ಆ ಕಥೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ಮೊದಲು ಒಂದು ಮಾತು. ಕೀಲುನೋವು ಎಂಬುದು ಒಂದೇ ರೋಗವಲ್ಲ. ವಯಸ್ಸಾದಂತೆ ಕೀಲಿನೊಳಗಿನ ಮೆತ್ತನೆಯ ಹೊದಿಕೆ ಸವೆದು ಬರುವ ನೋವು ಒಂದು. ಭಾರವೆತ್ತಿ ಸ್ನಾಯು ಉಳುಕಿ ಬರುವ ನೋವು ಇನ್ನೊಂದು. ಶರೀರವು ತನ್ನ ಕೀಲುಗಳ ಮೇಲೆ ತಾನೇ ದಂಡೆತ್ತಿ ಹೋಗಿ ಬೆರಳುಗಳನ್ನು ಊದಿಸಿ ಸೊಟ್ಟಗೆ ಮಾಡುವ ಬೇನೆ ಮತ್ತೊಂದು. ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಿ, ಅದು ಸೂಜಿಯಂಥ ಹರಳುಗಳಾಗಿ ಹೆಬ್ಬೆರಳ ಬುಡದಲ್ಲಿ ನಿಂತು ಉರಿಯುವುದು ಬೇರೊಂದು. ನಮ್ಮ ಪ್ರಾಚೀನರು ಈ ಭೇದಗಳನ್ನು ತಕ್ಕಮಟ್ಟಿಗೆ ಗುರುತಿಸಿದ್ದರು. ಮಾಧವಕರನ ನಿದಾನಗ್ರಂಥದಲ್ಲಿ ಆಮವಾತಕ್ಕೆ ಪ್ರತ್ಯೇಕವಾದ ಅಧ್ಯಾಯವೇ ಇದೆ. ಚರಕಸಂಹಿತೆಯಲ್ಲಿ ವಾತರಕ್ತಕ್ಕೆ ‘ಆಢ್ಯವಾತ’ ಎಂಬ ಇನ್ನೊಂದು ಹೆಸರಿದೆ. ಆಢ್ಯನೆಂದರೆ ಸಿರಿವಂತ. ತಿಂದು ಕುಡಿದು ಮೈಬಗ್ಗಿಸದೆ ಕುಳಿತಿರುವವರಿಗೆ ಬರುವ ರೋಗವೆಂಬ ಕುಹಕ ಆ ಹೆಸರಿನಲ್ಲಿಯೇ ಅಡಗಿದೆ. ಯೂರೋಪಿನಲ್ಲಿಯೂ ಇದೇ ಬೇನೆಗೆ ದೊರೆಗಳ ರೋಗವೆಂದು ಹೆಸರಿತ್ತು. ಅಷ್ಟು ದೂರದ ಎರಡು ನಾಡುಗಳು ಒಂದೇ ಹೆಬ್ಬೆರಳನ್ನು ನೋಡಿ ಒಂದೇ ತೀರ್ಮಾನಕ್ಕೆ ಬಂದದ್ದು ನನಗೆ ಯಾವಾಗಲೂ ಸೋಜಿಗವೆನಿಸುತ್ತದೆ.

ಈ ದೊರೆಗಳ ರೋಗಕ್ಕೇ ಮೊದಲ ನಿಜವಾದ ಮದ್ದು ದೊರೆತದ್ದು. ಕಪ್ಪುಸಮುದ್ರದ ದಡದ ಕೊಲ್ಚಿಸ್ ಎಂಬ ನಾಡಿನ ಹೆಸರನ್ನು ಹೊತ್ತ ಕೊಲ್ಚಿಕಮ್ ಎಂಬ ಗೆಡ್ಡೆಯ ಗಿಡವೊಂದಿದೆ. ಗ್ರೀಕರ ಪುರಾಣದಲ್ಲಿ ಕೊಲ್ಚಿಸ್ ವಿಷಗಾತಿ ಮೆಡೀಯಳ ತೌರುಮನೆ. ಹೆಸರಿಟ್ಟವರು ಎಚ್ಚರಿಕೆಯನ್ನೂ ಇಟ್ಟರೆನ್ನಬೇಕು. ಆರನೆಯ ಶತಮಾನದಲ್ಲಿಯೇ ಟ್ರಾಲ್ಸಿನ ಅಲೆಗ್ಸಾಂಡರನೆಂಬ ವೈದ್ಯ ಈ ಜಾತಿಯ ಗೆಡ್ಡೆಯನ್ನು ಕೀಲಿನ ಉರಿಗೆ ಕೊಟ್ಟಿದ್ದ. ಮುಂದೆ ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಹುಸ್ಸಾನ್ ಎಂಬ ಫ್ರೆಂಚ್ ಸೈನ್ಯಾಧಿಕಾರಿಯೊಬ್ಬ ಇದನ್ನೇ ಗುಟ್ಟಾಗಿ ಬೆರೆಸಿ ‘ಮದ್ದಿನ ನೀರು’ ಎಂದು ಸೀಸೆಗಳಲ್ಲಿ ಮಾರಿ ಹೆಸರಾದ. ೧೮೨೦ರಲ್ಲಿ ಪೆಲ್ಲೆತಿಯೆ ಮತ್ತು ಕಾವಂತೂ ಎಂಬ ಪ್ಯಾರಿಸ್ಸಿನ ಇಬ್ಬರು ರಸಾಯನಜ್ಞರು ಗೆಡ್ಡೆಯೊಳಗಿನ ಸಾರವನ್ನು ಬೇರ್ಪಡಿಸಿದರು. ಮಲೇರಿಯಾಕ್ಕೆ ಕ್ವಿನೈನನ್ನು ಬೇರ್ಪಡಿಸಿಕೊಟ್ಟವರೂ ಅದೇ ವರ್ಷ ಇವರೇ. ಹೀಗೆ ದೊರೆತ ಸಾರವನ್ನು ನಾವು ಇಂದು ಕೊಲ್ಚಿಸಿನ್ ಎಂದು ಕರೆಯುತ್ತೇವೆ. ಇಂದಿಗೂ ವೈದ್ಯರು ಬರೆದುಕೊಡುವ ಮದ್ದು ಅದು.

ನಮ್ಮ ಬೇಲಿಗಳಲ್ಲಿ ಮಳೆಗಾಲದಲ್ಲಿ ಅರಳುವ, ಕೆಂಪು ಹಳದಿ ನಾಲಗೆಗಳ ಬೆಂಕಿಯಂತೆ ಕಾಣುವ ಅಗ್ನಿಶಿಖೆಯನ್ನು, ಎಂದರೆ ಗೌರಿಹೂವನ್ನು, ಬಲ್ಲಿರಷ್ಟೆ. ಅದೂ ಕೊಲ್ಚಿಕಮ್ಮೂ ಒಂದೇ ಕುಲದ ಸಸ್ಯಗಳು; ಅದರ ಗೆಡ್ಡೆಯಲ್ಲಿಯೂ ಬೀಜದಲ್ಲಿಯೂ ಇದೇ ಸಾರ ತುಂಬಿದೆ. ತಮಿಳುನಾಡಿನ ರೈತರು ಇದನ್ನು ಬೆಳೆದು ಬೀಜವನ್ನು ಔಷಧದ ಕಾರ್ಖಾನೆಗಳಿಗೆ ಮಾರುತ್ತಾರೆ. ಸಂಸ್ಕೃತದಲ್ಲಿ ಲಾಂಗಲಿಯೆಂಬ ಈ ಗಿಡವನ್ನು ನಮ್ಮ ಆಯುರ್ವೇದವು ಉಪವಿಷಗಳ ಪಟ್ಟಿಯಲ್ಲಿ ಸೇರಿಸಿದೆ. ಆ ಪಟ್ಟಿ ಸರಿಯಾದದ್ದೇ. ಕೊಲ್ಚಿಸಿನ್ ಕೊಡುವಾಗ ಗುಣಕ್ಕೂ ವಿಷಕ್ಕೂ ನಡುವಿನ ಅಂತರ ಬಹಳ ಕಿರಿದು. ಪಾಶ್ಚಾತ್ಯ ವೈದ್ಯರ ಹಳೆಯ ಕಟ್ಟಳೆ ಹೇಗಿತ್ತೆಂದರೆ, ನೋವು ನಿಲ್ಲುವವರೆಗೆ ಅಥವಾ ಭೇದಿ ಹತ್ತುವವರೆಗೆ ಗಂಟೆಗೊಂದರಂತೆ ನುಂಗುತ್ತ ಹೋಗು! ಎಷ್ಟೋ ರೋಗಿಗಳಿಗೆ ಎರಡನೆಯದೇ ಮೊದಲು ಬರುತ್ತಿತ್ತು. ಕೊನೆಗೆ ೨೦೧೦ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ೪.೮ ಮಿಲಿಗ್ರಾಂ ಕೊಟ್ಟರೂ ೧.೮ ಮಿಲಿಗ್ರಾಂ ಕೊಟ್ಟರೂ ಗುಣ ಹೆಚ್ಚುಕಡಮೆ ಒಂದೇ, ಭೇದಿ ಮಾತ್ರ ಎರಡನೆಯದರಲ್ಲಿ ಬಹಳ ಕಡಮೆ ಎಂಬುದು ಸಿದ್ಧವಾಯಿತು. ಅಷ್ಟು ಕಾಲ ರೋಗಿಗಳು ಅನಾವಶ್ಯಕವಾಗಿ ಹೊಟ್ಟೆ ಕಳೆದುಕೊಂಡರೆಂದಾಯಿತು.

ಇನ್ನು ನಮ್ಮೆಲ್ಲರ ಮನೆಯ ಬೀರುವನ್ನು ಹೊಕ್ಕಿರುವ ಮದ್ದಿನ ಕಥೆಗೆ ಬರೋಣ. ಕ್ರಿಕೆಟ್ ದಾಂಡು ಮಾಡುವ ವಿಲ್ಲೋ ಮರವನ್ನು ಹೆಸರಿನಿಂದಲಾದರೂ ಬಲ್ಲೆವು. ಇಂಗ್ಲೆಂಡಿನ ಚಿಪಿಂಗ್ ನಾರ್ಟನ್ ಎಂಬ ಊರಿನಲ್ಲಿ ಎಡ್ವರ್ಡ್ ಸ್ಟೋನ್ ಎಂಬ ಪಾದ್ರಿಗಳೊಬ್ಬರಿದ್ದರು. ಒಂದು ದಿನ ಅವರು ವಿಲ್ಲೋ ಮರದ ತೊಗಟೆಯನ್ನು ಬಾಯಿಗೆ ಹಾಕಿಕೊಂಡು ಅದರ ಕಹಿಗೆ ಬೆರಗಾದರು. ಚಳಿಜ್ವರಕ್ಕೆ ಕೊಡುತ್ತಿದ್ದ ದುಬಾರಿಯ ಸಿಂಕೋನ ತೊಗಟೆಯ ಕಹಿಯೇ ಇದು! ಅಲ್ಲದೆ ವಿಲ್ಲೋ ಬೆಳೆಯುವುದು ಜೌಗು ನೆಲದಲ್ಲಿ. ಚಳಿಜ್ವರ ಬರುವುದೂ ಜೌಗು ನೆಲದಲ್ಲಿ. ರೋಗವಿದ್ದಲ್ಲಿಯೇ ದೇವರು ಮದ್ದನ್ನೂ ಇಟ್ಟಿರಬೇಕೆಂದು ಅವರ ತರ್ಕ. ತೊಗಟೆಯನ್ನು ರೊಟ್ಟಿ ಸುಡುವವನ ಒಲೆಯ ಹೊರಮೈಮೇಲೆ ಮೂರು ತಿಂಗಳಿಗೂ ಮೇಲ್ಪಟ್ಟು ಒಣಗಿಸಿ, ಪುಡಿಮಾಡಿ, ಸುಮಾರು ಐವತ್ತು ಮಂದಿಗೆ ಕೊಟ್ಟು ನೋಡಿ, ೧೭೬೩ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದರು. ಆ ಸೊಸೈಟಿಯ ಗ್ರಂಥದಲ್ಲಿ ಅವರ ಹೆಸರು ಎಡ್ಮಂಡ್ ಎಂದು ತಪ್ಪಾಗಿ ಅಚ್ಚಾಗಿದೆ. ಅಚ್ಚಿನ ಮನೆಯ ದೆವ್ವದ ಕಾಟ ನಮಗೆ ಮಾತ್ರವೇ ಎಂದು ತಿಳಿದವರಿಗೆ ಇದೊಂದು ಸಮಾಧಾನ. ಪಾದ್ರಿಗಳ ತರ್ಕ ತಪ್ಪು. ಆದರೆ ಜ್ವರ ಇಳಿಯುತ್ತಿದ್ದದ್ದು ನಿಜ.

ತೊಗಟೆಯ ಸಾರವನ್ನು ೧೮೨೮ರಲ್ಲಿ ಮ್ಯೂನಿಕ್ ನಗರದ ಬುಕ್ನರ್ ಎಂಬ ಪ್ರಾಧ್ಯಾಪಕರು ಬೇರ್ಪಡಿಸಿ ಸ್ಯಾಲಿಸಿನ್ ಎಂದು ಹೆಸರಿಟ್ಟರು. ಅದು ಕೀಲುನೋವಿಗೆ ತಿರುಗಿದ್ದು ೧೮೭೬ರಲ್ಲಿ. ಸ್ಕಾಟ್ಲೆಂಡಿನ ಡಂಡೀ ಪಟ್ಟಣದ ವೈದ್ಯರಾದ ಥಾಮಸ್ ಮ್ಯಾಕ್‌ಲಗನ್ ಅವರು, ಜ್ವರದೊಡನೆ ಕೀಲುಗಳೆಲ್ಲ ಬಾತು ಮಿಸುಕಲಾರದೆ ಮಲಗುವ ರೋಗಿಗಳಿಗೆ ಈ ಸ್ಯಾಲಿಸಿನ್ ಕೊಟ್ಟರು. ಕೊಡುವ ಮುನ್ನ ತಾವೇ ನುಂಗಿ ನೋಡಿದರೆಂಬುದು ಅವರ ದೊಡ್ಡತನ. ಅದೇ ವರ್ಷ ಬರ್ಲಿನ್ನಿನ ವೈದ್ಯರು ಸ್ಯಾಲಿಸಿಲಿಕ್ ಆಮ್ಲವನ್ನು ಕೊಟ್ಟು ಅದೇ ಗುಣವನ್ನು ಕಂಡರು. ಅಷ್ಟು ಹೊತ್ತಿಗೆ ಜರ್ಮನಿಯಲ್ಲಿ ಈ ಆಮ್ಲವನ್ನು ಮರದ ಹಂಗಿಲ್ಲದೆ ಕಾರ್ಖಾನೆಯಲ್ಲಿ ಮಾಡತೊಡಗಿದ್ದರಿಂದ ಅಗ್ಗವಾಗಿ ಸಿಕ್ಕುತ್ತಿತ್ತು. ರೋಗಿಗಳು ಎದ್ದು ಕುಳಿತರು. ಜೊತೆಗೆ ಕಿವಿಯಲ್ಲಿ ಗುಂಯ್ ಎನ್ನುವ ಸದ್ದು, ಓಕರಿಕೆ, ಹೊಟ್ಟೆಯುರಿ.

ಈ ಹೊಟ್ಟೆಯುರಿಯೇ ಆಸ್ಪಿರಿನ್ನಿನ ತಾಯಿ. ಎಲ್ಬರ್‌ಫೆಲ್ಟ್ ಎಂಬಲ್ಲಿದ್ದ ಬೇಯರ್ ಸಂಸ್ಥೆಯ ಫೆಲಿಕ್ಸ್ ಹಾಫ್‌ಮನ್ ೧೮೯೭ರ ಆಗಸ್ಟಿನಲ್ಲಿ ಆ ಆಮ್ಲವನ್ನು ತುಸು ಬದಲಿಸಿ ಶುದ್ಧವಾದ ಅಸಿಟೈಲ್ ಸ್ಯಾಲಿಸಿಲಿಕ್ ಆಮ್ಲವನ್ನು ತಯಾರಿಸಿದರು. ಅವರ ತಂದೆ ಕೀಲುನೋವಿನಿಂದ ನರಳುತ್ತಿದ್ದು, ಹಳೆಯ ಮದ್ದಿನ ಕಹಿಯನ್ನು ತಾಳಲಾರದೆ ಮಗನನ್ನು ಬೇಡಿಕೊಂಡರೆಂಬ ಕಥೆ ಪಠ್ಯಪುಸ್ತಕಗಳನ್ನೂ ಹೊಕ್ಕಿದೆ. ಪಿತೃಭಕ್ತಿಯ ಕಥೆಯಾದ್ದರಿಂದ ತರಗತಿಯಲ್ಲಿ ನಾನೂ ಹೇಳಿದ್ದೇನೆ. ಆದರೆ ಅದು ಅಚ್ಚಾದದ್ದು ೧೯೩೪ರಲ್ಲಿ, ಹಿಟ್ಲರನ ಕಾಲದಲ್ಲಿ. ಅದೇ ಸಂಸ್ಥೆಯಲ್ಲಿ ಕೆಲಸಮಾಡಿದ್ದ ಆರ್ಥರ್ ಐಕೆನ್‌ಗ್ರ್ಯೂನ್ ಎಂಬ ಯೆಹೂದ್ಯ ರಸಾಯನಜ್ಞರು, ಸೆರೆಶಿಬಿರದಿಂದ ಬದುಕಿ ಬಂದ ಮೇಲೆ, ೧೯೪೯ರಲ್ಲಿ, ಹಾಫ್‌ಮನ್ ಮಾಡಿದ ಕೆಲಸ ತಮ್ಮ ನಿರ್ದೇಶನದಂತೆ ನಡೆದದ್ದೆಂದು ಬರೆದರು. ಅದೇ ವರ್ಷ ತೀರಿಕೊಂಡರು. ಸಂಸ್ಥೆ ಈ ಮಾತನ್ನು ಒಪ್ಪಿಲ್ಲ. ಇತಿಹಾಸಕಾರರಲ್ಲಿ ಕೆಲವರು ಒಪ್ಪಿದ್ದಾರೆ. ಇನ್ನೊಂದು ವಿನೋದವೆಂದರೆ, ಆ ಸಂಸ್ಥೆಯ ಔಷಧಪರೀಕ್ಷಕರಾದ ಡ್ರೆಸರ್ ಅವರು ಮೊದಲು ಈ ಮದ್ದನ್ನು ಬದಿಗಿಟ್ಟದ್ದು, ಅದು ಹೃದಯವನ್ನು ದುರ್ಬಲಗೊಳಿಸುವುದೆಂಬ ಶಂಕೆಯಿಂದ. ಇಂದು ಅದೇ ಆಸ್ಪಿರಿನ್ನಿನ ಚಿಕ್ಕ ಗುಳಿಗೆಯನ್ನು ಹೃದಯದ ರೋಗಿಗಳಿಗೇ, ರಕ್ತ ಹೆಪ್ಪುಗಟ್ಟದಿರಲೆಂದು, ವೈದ್ಯರು ಕೊಡುತ್ತಾರೆ.

೧೮೯೯ರಲ್ಲಿ ಆಸ್ಪಿರಿನ್ ಎಂಬ ಹೆಸರಿನಿಂದ ಮಾರಾಟಕ್ಕೆ ಬಂದ ಈ ಮದ್ದು ಹೊಟ್ಟೆಗೆ ಹಿತವೆಂದೇ ಪ್ರಚಾರವಾಯಿತು. ನಾಲ್ವತ್ತು ವರ್ಷಗಳ ಕಾಲ ಜನರು ಹಾಗೆಯೇ ನಂಬಿದ್ದರು. ೧೯೩೮ರಲ್ಲಿ ಲಂಡನ್ನಿನ ಡೌತ್‌ವೇಟ್ ಮತ್ತು ಲಿಂಟಾಟ್ ಎಂಬ ವೈದ್ಯರು, ಆಗ ತಾನೇ ಬಳಕೆಗೆ ಬರುತ್ತಿದ್ದ ನಳಿಗೆಯನ್ನು ರೋಗಿಗಳ ಗಂಟಲಿನಿಂದ ಇಳಿಸಿ ಜಠರದ ಒಳಗೋಡೆಯನ್ನು ಕಣ್ಣಾರೆ ನೋಡಿದರು. ಆಸ್ಪಿರಿನ್ನಿನ ಚೂರು ಅಂಟಿದ ಕಡೆ ಗೋಡೆ ಕೆಂಪಾಗಿ ಬಾತಿತ್ತು, ಕೆಲವೆಡೆ ರಕ್ತ ಜಿನುಗುತ್ತಿತ್ತು. ಹೊಟ್ಟೆಯನ್ನು ಉಳಿಸಲೆಂದು ಹುಟ್ಟಿದ ಮದ್ದಿನ ಬೆಲೆಯನ್ನು ಹೊಟ್ಟೆಯೇ ತೆತ್ತಿತ್ತು.

ಇದಾದ ಹತ್ತು ವರ್ಷಕ್ಕೆ ಅಮೆರಿಕದಲ್ಲಿ ನಡೆದದ್ದನ್ನು ಪವಾಡವೆಂದೇ ಜನ ಕರೆದರು. ಮೇಯೋ ಚಿಕಿತ್ಸಾಲಯದ ಫಿಲಿಪ್ ಹೆಂಚ್ ಅವರು ೧೯೨೯ರಲ್ಲಿ ಒಂದು ವಿಚಿತ್ರವನ್ನು ಗಮನಿಸಿದ್ದರು. ಕೀಲುಗಳು ಬಾತ ಒಬ್ಬ ರೋಗಿಗೆ ಕಾಮಾಲೆ ಬಂತು. ಕಾಮಾಲೆ ಬಂದದ್ದೇ ಕೀಲುನೋವು ಹೋಯಿತು. ಬಸುರಿಯರಲ್ಲಿಯೂ ಎಷ್ಟೋ ವೇಳೆ ಹೀಗೆಯೇ ನೋವು ತಗ್ಗುವುದನ್ನು ಅವರು ಕಂಡರು. ಶರೀರವೇ ಯಾವುದೋ ಮದ್ದನ್ನು ತಯಾರಿಸುತ್ತಿರಬೇಕೆಂದು ಎಣಿಸಿ ಇಪ್ಪತ್ತು ವರ್ಷ ಅದರ ಬೆನ್ನು ಹತ್ತಿದರು. ಅವರ ಸಹೋದ್ಯೋಗಿ ಎಡ್ವರ್ಡ್ ಕೆಂಡಾಲ್ ಮೂತ್ರಪಿಂಡದ ಮೇಲೆ ಟೋಪಿಯಂತೆ ಕುಳಿತಿರುವ ಗ್ರಂಥಿಯಿಂದ ಹಲವು ಸಾರಗಳನ್ನು ತೆಗೆದಿದ್ದರು. ಅವುಗಳಲ್ಲೊಂದನ್ನು ೧೯೪೮ರ ಸೆಪ್ಟೆಂಬರ್ ೨೧ರಂದು, ಇಪ್ಪತ್ತೊಂಬತ್ತು ವಯಸ್ಸಿನ, ಹಾಸಿಗೆ ಹಿಡಿದಿದ್ದ ಹೆಣ್ಣುಮಗಳೊಬ್ಬಳಿಗೆ ಸೂಜಿಯ ಮೂಲಕ ಕೊಟ್ಟರು. ವಾರ ಕಳೆಯುವಷ್ಟರಲ್ಲಿ ಆಕೆ ಎದ್ದು, ಪೇಟೆಗೆ ಹೋಗಿ, ಮೂರು ಗಂಟೆ ಅಂಗಡಿ ಸುತ್ತಿ ಬಂದಳು. ಆ ಸಾರವೇ ಕಾರ್ಟಿಸೋನ್. ನಡೆಯಲಾರದವರು ಮೆಟ್ಟಿಲೇರುವ ಚಲನಚಿತ್ರವನ್ನು ಮಾರನೆಯ ವರ್ಷ ವೈದ್ಯರ ಸಭೆಗೆ ತೋರಿಸಿದರು. ೧೯೫೦ರಲ್ಲಿ ಹೆಂಚ್, ಕೆಂಡಾಲ್, ಸ್ವಿಟ್ಜರ್ಲೆಂಡಿನ ರೈಕ್‌ಸ್ಟೈನ್ ಮೂವರಿಗೂ ನೊಬೆಲ್ ಪಾರಿತೋಷಕ ಬಂತು. ಆದರೆ ಆ ಹೊತ್ತಿಗಾಗಲೇ ಬೆಲೆಯ ಚೀಟಿ ಕೈಗೆ ಬಂದಿತ್ತು: ಮುಖ ಹುಣ್ಣಿಮೆಯ ಚಂದ್ರನಂತೆ ಗುಂಡಗಾಗುವುದು, ಸಕ್ಕರೆ ಕಾಯಿಲೆ ತಲೆಯೆತ್ತುವುದು, ಮೂಳೆ ತೆಳುವಾಗುವುದು, ಚಿತ್ತ ಕದಡುವುದು, ಮದ್ದು ನಿಲ್ಲಿಸಿದರೆ ನೋವು ಇಮ್ಮಡಿಯಾಗಿ ಮರಳುವುದು. ಹೊರಗಿನಿಂದ ಸಾರ ಬರುತ್ತಿರುವಾಗ ಒಳಗಿನ ಗ್ರಂಥಿ ನಿದ್ದೆಹೋಗುತ್ತದೆ; ಹೊರಗಿನದನ್ನು ಫಕ್ಕನೆ ನಿಲ್ಲಿಸಿದರೆ ಶರೀರಕ್ಕೆ ಆಧಾರವೇ ತಪ್ಪುತ್ತದೆ.

ಇದನ್ನೆಲ್ಲ ಓದಿ ತಿಳಿದವನೆಂದು ಹೇಳಿಕೊಳ್ಳುವ ನನ್ನ ಮನೆಯಲ್ಲಿಯೇ ನಡೆದ ಸಂಗತಿಯನ್ನು ಇಲ್ಲಿ ಹೇಳದೆ ಹೋದರೆ ಈ ಲೇಖನ ಅರೆಸುಳ್ಳಾದೀತು. ಕೆಲವು ವರ್ಷಗಳ ಹಿಂದೆ ನಮ್ಮ ತಾಯಿಯವರಿಗೆ ಬೆಳಗಿನ ಹೊತ್ತು ಬೆರಳುಗಳು ಬಿಗಿದು, ಮಣಿಕಟ್ಟು ಊದಿ, ಕಾಫಿಯ ಲೋಟ ಹಿಡಿಯುವುದೂ ಕಷ್ಟವಾಯಿತು. ಮೊದಲು ಔಷಧದ ಅಂಗಡಿಯಿಂದ ತಂದ ನೋವಿನ ಮಾತ್ರೆ ಕೊಟ್ಟೆವು. ಹೊಟ್ಟೆ ಉರಿಯಿತೆಂದು ಬಿಟ್ಟರು. ಆಮೇಲೆ ನೆಂಟರೊಬ್ಬರು ಸಂತೆಗೆ ಬರುವ ಒಬ್ಬಾತನಿಂದ ಕಾಗದದ ಪೊಟ್ಟಣಗಳಲ್ಲಿ ಒಂದು ಪುಡಿಯನ್ನು ತರಿಸಿಕೊಟ್ಟರು. ಹೆಸರಿಲ್ಲ, ಚೀಟಿಯಿಲ್ಲ, “ಶುದ್ಧ ಬೇರಿನ ಪುಡಿ, ಅಡ್ಡಪರಿಣಾಮವೇ ಇಲ್ಲ” ಎಂಬ ಮಾತು ಮಾತ್ರ. ನಾಲ್ಕೇ ದಿನದಲ್ಲಿ ಅಮ್ಮ ಎದ್ದು ರಂಗೋಲೆ ಹಾಕಿದರು. ಎರಡು ತಿಂಗಳಲ್ಲಿ ಅವರ ಕೆನ್ನೆಗಳು ತುಂಬಿಕೊಂಡವು. “ಅಮ್ಮ ಈಗ ಮೈಕೈ ತುಂಬಿಕೊಂಡಿದ್ದಾರೆ” ಎಂದು ನಾವೆಲ್ಲ ಸಂತೋಷಪಟ್ಟೆವು. ತರಗತಿಯಲ್ಲಿ ಹೆಂಚರ ರೋಗಿಯ ಚಂದ್ರಮುಖವನ್ನು ವರ್ಣಿಸಿದ್ದ ನಾನು, ದಿನವೂ ಎದುರಿಗೆ ಕುಳಿತು ಉಣ್ಣುತ್ತಿದ್ದ ಮುಖವನ್ನು ಓದಲಿಲ್ಲ.

ಒಂದು ವರ್ಷದ ಮೇಲೆ ಪುಡಿ ತರುವವನು ಬರುವುದು ನಿಂತಿತು. ಹತ್ತೇ ದಿನಗಳಲ್ಲಿ ಅಮ್ಮ ಅಡಿಗೆಮನೆಯ ಹೊಸ್ತಿಲಲ್ಲಿ ಕುಸಿದುಬಿದ್ದರು. ಊರಿದ ಕೈಯ ಮೂಳೆ ಮುರಿಯಿತು. ಆಸ್ಪತ್ರೆಯ ವೈದ್ಯರು ವಯಸ್ಸಿನಲ್ಲಿ ನನ್ನ ಶಿಷ್ಯರಂತಿದ್ದರು. ಅಮ್ಮನ ಮುಖವನ್ನೂ, ತೋಳಿನ ತೆಳ್ಳನೆಯ ಚರ್ಮವನ್ನೂ ಒಮ್ಮೆ ನೋಡಿ, “ಮೇಷ್ಟ್ರೇ, ಅಮ್ಮನವರು ಏನಾದರೂ ಪುಡಿ ತಗೊಳ್ತಿದ್ದರೇ?” ಎಂದು ಕೇಳಿದರು. ಬೇರಿನ ಪುಡಿಯಲ್ಲಿ ಕಾರ್ಟಿಸೋನಿನ ಜಾತಿಯ ಸ್ಟೆರಾಯ್ಡ್ ಮಾತ್ರೆಗಳನ್ನು ಅರೆದು ಬೆರೆಸುವುದು ಅವರಿಗೆ ಹಳೆಯ ಅನುಭವವಾಗಿತ್ತು. ಹೀಗೆ ಬೆರೆಸಿದ ಪುಡಿ ಆಯುರ್ವೇದಕ್ಕೂ ದ್ರೋಹ, ಅಲೋಪತಿಗೂ ದ್ರೋಹ. ಅವರು ಅಮ್ಮನಿಗೆ ಅದೇ ಜಾತಿಯ ಮದ್ದನ್ನೇ ಅಳೆದು ಕೊಟ್ಟು, ತಿಂಗಳುಗಟ್ಟಲೆ ತುಸುತುಸುವೇ ಇಳಿಸಿದರು. ಎಷ್ಟೋ ರೋಗಗಳಲ್ಲಿ ಪ್ರಾಣ ಉಳಿಸುವ ಮದ್ದು ಅದೇ ಎಂಬುದನ್ನೂ ಹೇಳಿದರು. ಅಳತೆಯನ್ನು ಬಲ್ಲವರ ಕೈಯಲ್ಲಿರುವಾಗ ಅದರ ಬೆಲೆಯನ್ನು ಮುಂಚೆಯೇ ಲೆಕ್ಕ ಹಾಕಬಹುದು, ಅಷ್ಟೇ ವ್ಯತ್ಯಾಸ.

ಅಮ್ಮನಿಗೆ ಈಗ ನಡೆಯುತ್ತಿರುವ ಮದ್ದಿನ ಇತಿಹಾಸದಲ್ಲಿ ನಮ್ಮ ನೆರೆನಾಡಿನವರೊಬ್ಬರ ಪಾಲಿದೆ. ಆಂಧ್ರದ ಭೀಮವರದಲ್ಲಿ ೧೮೯೫ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರು ಅಮೆರಿಕಕ್ಕೆ ಹೋಗಿ ಲೆಡರ್ಲಿ ಪ್ರಯೋಗಶಾಲೆಯ ಸಂಶೋಧನೆಯನ್ನು ನಡೆಸುತ್ತಿದ್ದರು. ಫೋಲಿಕ್ ಆಮ್ಲವೆಂಬ ಜೀವಸತ್ತ್ವಕ್ಕೆ ಎದುರಾಗಿ ನಿಲ್ಲುವ ರಾಸಾಯನಿಕಗಳು ಅವರ ತಂಡದಿಂದ ಬಂದವು. ಬಾಸ್ಟನ್ನಿನ ಸಿಡ್ನಿ ಫಾರ್ಬರ್ ೧೯೪೭-೪೮ರಲ್ಲಿ ಅವುಗಳಲ್ಲೊಂದನ್ನು ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಕೊಟ್ಟರು. ೧೯೫೧ರಲ್ಲಿ ಗುಬ್ನರ್ ಎಂಬುವರು ಅದನ್ನೇ ಬಾತ ಕೀಲುಗಳ ರೋಗಿಗಳಿಗೆ ಕೊಟ್ಟು ಗುಣ ಕಂಡರೂ, ಕಾರ್ಟಿಸೋನಿನ ಅಬ್ಬರದಲ್ಲಿ ಆ ಮಾತು ಯಾರ ಕಿವಿಗೂ ಬೀಳಲಿಲ್ಲ. ಅದೇ ಗುಂಪಿನ ಮೆಥೊಟ್ರೆಕ್ಸೇಟ್ ಎಂಬ ಮದ್ದು ಆಮವಾತದಂಥ ಬೇನೆಗೆ ಅಮೆರಿಕದಲ್ಲಿ ಅಧಿಕೃತವಾಗಿ ಅಂಗೀಕಾರವಾದದ್ದು ೧೯೮೮ರಲ್ಲಿ. ಇದು ನೋವಿನ ಮಾತ್ರೆಯಲ್ಲ. ಕೀಲನ್ನು ತಿನ್ನುವ ರೋಗವನ್ನೇ ಹಿಡಿದು ನಿಲ್ಲಿಸುವ ಮದ್ದು. ಗುಣ ಕಾಣಲು ವಾರಗಳೇ ಹಿಡಿಯುತ್ತವೆ. ಇದನ್ನು ತೆಗೆದುಕೊಳ್ಳುವುದು ವಾರಕ್ಕೆ ಒಂದು ದಿನ ಮಾತ್ರ. ದಿನವೂ ನುಂಗತಕ್ಕದ್ದೆಂದು ತಪ್ಪು ತಿಳಿದು ಬಾಯಿ ಹುಣ್ಣಾಗಿ, ರಕ್ತ ಬತ್ತಿ, ಪ್ರಾಣ ಕಳೆದುಕೊಂಡವರು ದೇಶದೇಶಗಳಲ್ಲಿದ್ದಾರೆ. ಬಸುರಿಯರಿಗೆ ಇದು ಸಲ್ಲದು. ನಿಯಮದಂತೆ ರಕ್ತಪರೀಕ್ಷೆ ಆಗುತ್ತಿರಬೇಕು. ನಮ್ಮ ಮನೆಯ ಪಂಚಾಂಗದ ಕ್ಯಾಲೆಂಡರಿನಲ್ಲಿ ಪ್ರತಿ ಭಾನುವಾರಕ್ಕೂ ಅಮ್ಮ ಕುಂಕುಮದ ಚುಕ್ಕೆ ಇಟ್ಟುಕೊಂಡಿದ್ದಾರೆ. ಅಂದು ಮಾತ್ರ ಆ ಮಾತ್ರೆ.

ನೋವಿನ ಮಾತ್ರೆಗಳಿಗೆ ಮರಳೋಣ. ನಾಟಿಂಗ್‌ಹ್ಯಾಮಿನ ಸ್ಟೂವರ್ಟ್ ಆಡಮ್ಸ್ ಅವರು ಐಬುಪ್ರೊಫೆನ್ ತಯಾರಿಸಿದರು. ಅದು ೧೯೬೯ರಲ್ಲಿ ಇಂಗ್ಲೆಂಡಿನ ವೈದ್ಯರ ಕೈಗೆ ಬಂತು. ೧೯೭೦ರ ದಶಕದಲ್ಲಿ ಡೈಕ್ಲೊಫಿನ್ಯಾಕ್ ಬಂತು. ಇವೆಲ್ಲ ಆಸ್ಪಿರಿನ್ನಿನ ದಾಯಾದಿಗಳೆಂದು ತಿಳಿದಿತ್ತು. ಕೆಲಸ ಮಾಡುವ ಬಗೆ ಮಾತ್ರ ತಿಳಿದಿರಲಿಲ್ಲ. ೧೯೭೧ರಲ್ಲಿ ಲಂಡನ್ನಿನ ಜಾನ್ ವೇನ್ ಆ ಒಗಟನ್ನು ಬಿಡಿಸಿದರು. ಶರೀರವು ಪ್ರಾಸ್ಟಗ್ಲಾಂಡಿನ್ ಎಂಬ ವಸ್ತುಗಳನ್ನು ಅಲ್ಲಲ್ಲಿ ತಯಾರಿಸುತ್ತಿರುತ್ತದೆ. ಬಾತ ಕೀಲಿನಲ್ಲಿ ಅವು ನೋವನ್ನು ಹೆಚ್ಚಿಸುತ್ತವೆ. ಜಠರದಲ್ಲಿ ಅದರ ಗೋಡೆಯನ್ನು ಆಮ್ಲದಿಂದ ಕಾಯುತ್ತವೆ. ಮೂತ್ರಪಿಂಡದಲ್ಲಿ ರಕ್ತದ ಹರಿವನ್ನು ನೋಡಿಕೊಳ್ಳುತ್ತವೆ. ಈ ಮಾತ್ರೆಗಳು ಆ ತಯಾರಿಕೆಯನ್ನೇ ತಡೆಯುತ್ತವೆ. ಹಾಗಾಗಿ ಕೀಲಿನ ಬೆಂಕಿ ಆರುವಾಗ ಜಠರದ ಕಾವಲುಗಾರನೂ ಮನೆಗೆ ಹೋಗುತ್ತಾನೆ. ೧೯೩೮ರಲ್ಲಿ ನಳಿಗೆಯಲ್ಲಿ ಕಂಡದ್ದಕ್ಕೆ ಮುಖ್ಯವಾದ ಕಾರಣ ಹೀಗೆ ಗೊತ್ತಾಯಿತು. ವೇನ್ ಅವರಿಗೆ ೧೯೮೨ರಲ್ಲಿ ಇನ್ನಿಬ್ಬರೊಡನೆ ನೊಬೆಲ್ ಪಾರಿತೋಷಕ ದೊರೆಯಿತು. ವಯಸ್ಸಾದವರು, ರಕ್ತದೊತ್ತಡದವರು, ಮೂತ್ರಪಿಂಡ ದುರ್ಬಲವಾದವರು ಈ ಮಾತ್ರೆಗಳನ್ನು ತಾವಾಗಿ ಕೊಂಡು ನುಂಗಬಾರದೆಂದು ವೈದ್ಯರು ಹೇಳುವುದು ಈ ಕಾರಣದಿಂದ.

ಕೀಲಿನ ಕೆಲಸವನ್ನು ಮಾತ್ರ ತಡೆದು ಜಠರದ ಕಾವಲನ್ನು ಉಳಿಸುವ ಜಾಣ ಮಾತ್ರೆಗಾಗಿ ಆಮೇಲೆ ಹುಡುಕಾಟ ನಡೆಯಿತು. ೧೯೯೯ರಲ್ಲಿ ಮರ್ಕ್ ಸಂಸ್ಥೆಯ ರೋಫಿಕಾಕ್ಸಿಬ್, ಎಂದರೆ ವಯಾಕ್ಸ್, ಬಂತು. ಹೊಟ್ಟೆಗೆ ನಿಜವಾಗಿಯೂ ಹಗುರ. ಆದರೆ ೨೦೦೦ದಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿಯೇ, ಹೋಲಿಕೆಗೆ ಕೊಟ್ಟ ಹಳೆಯ ಮಾತ್ರೆಯವರಿಗಿಂತ ಇದನ್ನು ತೆಗೆದುಕೊಂಡವರಲ್ಲಿ ಹೃದಯಾಘಾತ ಹೆಚ್ಚಾಗಿತ್ತು. ಹಳೆಯ ಮಾತ್ರೆ ಹೃದಯವನ್ನು ಕಾಯುತ್ತಿರಬೇಕೆಂದು ಸಂಸ್ಥೆಯವರು ವ್ಯಾಖ್ಯಾನ ಮಾಡಿದರು. ಪಂಡಿತರೂ ಹೀಗೆ ಬೇಕಾದ ಅರ್ಥಕ್ಕೆ ಪದ್ಯವನ್ನು ಎಳೆಯುವುದುಂಟು. ಆದರೆ ಅದರಿಂದ ಯಾರ ಪ್ರಾಣವೂ ಹೋಗುವುದಿಲ್ಲ. ಇನ್ನೊಂದು ಪರೀಕ್ಷೆಯಲ್ಲಿ ಮದ್ದೇ ಅಲ್ಲದ ಹುಸಿಮಾತ್ರೆಯೊಡನೆ ಹೋಲಿಸಿದಾಗಲೂ ಅಪಾಯ ಕಂಡುಬರಲಾಗಿ, ೨೦೦೪ರ ಸೆಪ್ಟೆಂಬರ್ ೩೦ರಂದು ಸಂಸ್ಥೆ ಆ ಮದ್ದನ್ನು ಜಗತ್ತಿನಾದ್ಯಂತ ಹಿಂತೆಗೆದುಕೊಂಡಿತು. ಅದೇ ಡಿಸೆಂಬರಿನಲ್ಲಿ ಭಾರತ ಸರ್ಕಾರವೂ ಅದನ್ನು ನಿಷೇಧಿಸಿತು. ಮೊದಲ ಎಚ್ಚರಿಕೆಗೂ ಕೊನೆಯ ತೀರ್ಮಾನಕ್ಕೂ ನಡುವೆ ನಾಲ್ಕು ವರ್ಷ.

ಅದೇ ೨೦೦೪ರಲ್ಲಿ ಇನ್ನೊಂದು ಲೆಕ್ಕವೂ ಹೊರಬಿತ್ತು. ನಮ್ಮ ಹಳ್ಳಿಯ ಹೊರಗೆ ಸತ್ತ ದನವನ್ನು ಎಳೆದುಹಾಕುವ ಹಳ್ಳವೊಂದಿತ್ತು. ಬಾಲ್ಯದಲ್ಲಿ ಅಲ್ಲಿ ರಣಹದ್ದುಗಳ ಹಿಂಡನ್ನು ಕಂಡು ಹೆದರಿ ಓಡಿದ್ದೇನೆ. ಒಂದು ಕಾಲಕ್ಕೆ ಭಾರತದಲ್ಲಿ ಅವುಗಳ ಸಂಖ್ಯೆ ಕೋಟಿಗಳಲ್ಲಿತ್ತೆಂದು ಬಲ್ಲವರ ಅಂದಾಜು. ತೊಂಬತ್ತರ ದಶಕದಲ್ಲಿ ಅವು ಮಾಯವಾದವು. ಬೆನ್ನು ಬಿಳಿಯ ರಣಹದ್ದಿನ ಸಂಖ್ಯೆ ೧೯೯೨ರಿಂದ ೨೦೦೭ರ ಒಳಗೆ ಸಾವಿರದಲ್ಲಿ ಒಂದು ಎಂಬಷ್ಟಕ್ಕೆ ಇಳಿಯಿತು. ಅಂಟುರೋಗವೆಂದು ಮೊದಲು ಎಣಿಸಿದರು. ಪಾಕಿಸ್ತಾನದಲ್ಲಿ ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರು ಸತ್ತ ಹಕ್ಕಿಗಳನ್ನು ಸೀಳಿ ನೋಡಿದಾಗ, ಯಕೃತ್ತು, ಹೃದಯ, ಮೂತ್ರಪಿಂಡಗಳ ಮೇಲೆಲ್ಲ ಸುಣ್ಣ ಬಳಿದಂತೆ ಬಿಳಿಯ ಪುಡಿ ಮೆತ್ತಿಕೊಂಡಿತ್ತು. ಅದು ಯೂರಿಕ್ ಆಮ್ಲ. ಮನುಷ್ಯನ ಹೆಬ್ಬೆರಳಿಗೆ ಬರುವ ವಾತರಕ್ತ ಹಕ್ಕಿಯ ಒಡಲಿಗೇ ಬಂದಿತ್ತು! ಕಾರಣ ಡೈಕ್ಲೊಫಿನ್ಯಾಕ್. ಕುಂಟುವ ಎತ್ತಿಗೂ ಜ್ವರದ ಹಸುವಿಗೂ ಅದನ್ನು ಅಗ್ಗದ ಸೂಜಿಮದ್ದಾಗಿ ಚುಚ್ಚುವುದು ವಾಡಿಕೆಯಾಗಿತ್ತು. ದನ ಸತ್ತರೆ ಮಾಂಸದಲ್ಲಿ ಮದ್ದು ಉಳಿದಿರುತ್ತಿತ್ತು; ತಿಂದ ರಣಹದ್ದಿನ ಮೂತ್ರಪಿಂಡ ಕೆಲವೇ ದಿನಗಳಲ್ಲಿ ನಿಲ್ಲುತ್ತಿತ್ತು. ಹಿಂಡುಹಿಂಡೇ ಒಂದು ಹೆಣದ ಮೇಲೆ ಎರಗುವ ಹಕ್ಕಿಗಳಾದ್ದರಿಂದ, ನೂರು ಹೆಣಗಳಲ್ಲಿ ಒಂದಕ್ಕಿಂತ ಕಡಮೆ ವಿಷವಾಗಿದ್ದರೂ ಕುಲವೆಲ್ಲ ಅಳಿಯಲು ಸಾಕೆಂದು ಗಣಿತ ಹೇಳಿತು.

ಚಾಲುಕ್ಯ ವಂಶದ ಕೀರ್ತಿವರ್ಮನು ಹನ್ನೆರಡನೆಯ ಶತಮಾನದಲ್ಲಿಯೇ ‘ಗೋವೈದ್ಯ’ವೆಂಬ ಗ್ರಂಥವನ್ನು ಕನ್ನಡದಲ್ಲಿ ಬರೆದ ನಾಡು ನಮ್ಮದು. ದನಕ್ಕೆ ಕೊಟ್ಟ ಮದ್ದು ಹದ್ದಿಗೆ ಮುಟ್ಟೀತೆಂಬ ಯೋಚನೆ ಯಾವ ನಾಡಿನ ಯಾವ ವೈದ್ಯರಿಗೂ ಬಂದಿರಲಿಲ್ಲ. ಭಾರತ ಸರ್ಕಾರ ೨೦೦೬ರಲ್ಲಿ ಪಶುಗಳಿಗಾಗಿ ಡೈಕ್ಲೊಫಿನ್ಯಾಕ್ ತಯಾರಿಸುವುದನ್ನು ನಿಲ್ಲಿಸಿತು. ಆದರೆ ಮನುಷ್ಯರಿಗೆಂದು ಮಾರುವ ದೊಡ್ಡ ಸೀಸೆಗಳು ಕೊಟ್ಟಿಗೆಗೆ ಹೋಗುತ್ತಲೇ ಇದ್ದವು. ೨೦೧೫ರಲ್ಲಿ ಸೂಜಿಮದ್ದಿನ ಸೀಸೆಯನ್ನು ೩ 
ಮಿಲಿಲೀಟರಿನ ಒಂದೇ ಸಲದ ಅಳತೆಗೆ ಇಳಿಸಿದ ಮೇಲೆ ಎತ್ತಿನಂಥ ದೊಡ್ಡ ಪ್ರಾಣಿಗೆ ಅದನ್ನು ಚುಚ್ಚುವುದು ದುಬಾರಿಯಾಯಿತು. ಹದ್ದಿಗೆ ಕೆಡುಕು ಮಾಡದ ಮೆಲಾಕ್ಸಿಕಾಮ್ ಎಂಬ ಮದ್ದು ಇದೆಯೆಂದು ಅಷ್ಟರಲ್ಲಿ ತಿಳಿದಿತ್ತು. ೨೦೨೩ರಲ್ಲಿ ಕೀಟೊಪ್ರೊಫೆನ್, ಅಸಿಕ್ಲೊಫಿನ್ಯಾಕ್ ಎಂಬ ಇನ್ನೆರಡನ್ನೂ ಪಶುಗಳಿಗೆ ಬಳಸದಂತೆ ನಿಷೇಧಿಸಿದರು.

ರಾಮನಗರದ ಬಳಿಯ ರಾಮದೇವರ ಬೆಟ್ಟವನ್ನು ಕರ್ನಾಟಕ ಸರ್ಕಾರ ೨೦೧೨ರಲ್ಲಿ ರಣಹದ್ದುಗಳ ವನ್ಯಧಾಮವೆಂದು ಘೋಷಿಸಿತು. ಅಲ್ಲಿನ ಕಡಿದಾದ ಬಂಡೆಗಳ ಚಾಚುಗಳಲ್ಲಿ ಉದ್ದಕೊಕ್ಕಿನ ರಣಹದ್ದು ಗೂಡು ಕಟ್ಟುತ್ತದೆ. ವರ್ಷಕ್ಕೆ ಒಂದೇ ಮೊಟ್ಟೆ. ಒಮ್ಮೆ ಒಂಬತ್ತನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಎರಡು ಗಂಟೆ ಕುತ್ತಿಗೆ ಎತ್ತಿ ಕುಳಿತರೂ ಒಂದು ಹಕ್ಕಿಯೂ ಕಾಣಲಿಲ್ಲ. ಹೊರಡುವ ಹೊತ್ತಿಗೆ ಒಬ್ಬ ಹುಡುಗಿ, “ಸಾರ್, ಆ ಬಂಡೆಗೆ ಯಾರು ಸುಣ್ಣ ಬಳಿದಿದ್ದಾರೆ?” ಎಂದು ಕೈತೋರಿದಳು. ಎತ್ತರದ ಚಾಚಿನಿಂದ ಕೆಳಕ್ಕೆ ಬಿಳಿಯ ಗೆರೆಗಳು ಇಳಿದಿದ್ದವು. ಹಕ್ಕಿಯ ಹಿಕ್ಕೆಯ ಬಿಳುಪು ಅದು. ಆ ಬಿಳುಪೂ ಯೂರಿಕ್ ಆಮ್ಲವೇ. ಮೂತ್ರಪಿಂಡ ಸರಿಯಾಗಿರುವ ಹಕ್ಕಿ ಅದನ್ನು ಹೊರಗೆ ಹಾಕುತ್ತದೆ. ಮೇಲಿನ ಗೆರೆಗಳು ಇನ್ನೂ ಹೊಸದಾಗಿದ್ದವು. ಮಕ್ಕಳಿಗೆ ಅದನ್ನು ತೋರಿಸಿ, ಬಸ್ಸಿನ ಹೊತ್ತಾಯಿತೆಂದು ಬೆಟ್ಟ ಇಳಿದೆವು.